ಧಣಿಯ ಅದಿರಿಗೆ ಊರಿನ ದಾರಿಯೇ?

ಸಂಡೂರು ಸೀಮೆಯಲ್ಲಿ ಹೊಸ ಗಣಿಯೊಂದರ ಮಾತು ಎದ್ದಿತೆಂದರೆ ಅದರ ಬೆನ್ನಿಗೇ ಒಂದು ಬೇಡಿಕೆಯೂ ಏಳುತ್ತದೆ: ಗಣಿಯಿಂದ ಹೆದ್ದಾರಿಗೆ ಲಾರಿ ಹೋಗಲು ದಾರಿ ಕೊಡಿ. ಬೇಡಿಕೆಯ ದನಿ ಕೇಳಿದರೆ ಯಾರೋ ಬಡಪಾಯಿ ತನ್ನ ಹೊಲಕ್ಕೆ ಬಂಡಿದಾರಿ ಕೇಳುತ್ತಿದ್ದಾನೆಂದು ತೋರಬೇಕು. ಕೇಳುತ್ತಿರುವವರು ಗುಡ್ಡವನ್ನೇ ಹರಾಜಿನಲ್ಲಿ ಹಿಡಿದವರು. ಗುಡ್ಡ ಹಿಡಿಯುವ ಶಕ್ತಿಯಿದ್ದವರಿಗೆ ಗುಡ್ಡದಿಂದ ಇಳಿಯುವ ದಾರಿಯನ್ನು ನಾವು ದಾನ ಮಾಡಬೇಕಂತೆ!

ಚರ್ಚೆ ನಡೆಯುವ ರೀತಿ ಇನ್ನೂ ವಿಚಿತ್ರ. ಕಟ್ಟೆಯ ಮೇಲೆ, ಚಹದಂಗಡಿಯಲ್ಲಿ, ಪುರಸಭೆಯ ಮೆಟ್ಟಿಲಲ್ಲಿ ಜನ ಎರಡು ಪಕ್ಷವಾಗುತ್ತಾರೆ. ಲಾರಿ ಊರೊಳಗಿಂದಲೇ ಹೋಗಲಿ, ವ್ಯಾಪಾರ ಆಗುತ್ತದೆ ಎಂದು ಒಂದು ಪಕ್ಷ. ಊರ ಹೊರಗೆ ಬೈಪಾಸು ಆಗಲಿ, ಧೂಳು ತಪ್ಪುತ್ತದೆ ಎಂದು ಇನ್ನೊಂದು ಪಕ್ಷ. ಇಬ್ಬರೂ ಕೂಗಿ ಸುಸ್ತಾದ ಮೇಲೆ ಮುಖಂಡರೊಬ್ಬರು ಬಂದು ‘ಎರಡನ್ನೂ ಮಾಡಿಸೋಣ’ ಎಂದು ಕೈಮುಗಿದು ಹೋಗುತ್ತಾರೆ. ಗಣಿಯ ಧಣಿ ದೂರದಲ್ಲಿ ಕುಳಿತು ನಗುತ್ತಾನೆ. ಯಾವ ಪಕ್ಷ ಗೆದ್ದರೂ ಗೆದ್ದವನು ಅವನೇ. ಅದಿರು ಲಾರಿಯ ಮೇಲೇರಿ ಸಾರ್ವಜನಿಕ ರಸ್ತೆಯಲ್ಲಿಯೇ ಹೋಗಬೇಕೆಂಬ ಮಾತನ್ನು ಎರಡು ಪಕ್ಷದವರೂ ಒಪ್ಪಿಕೊಂಡೇ ಜಗಳಕ್ಕೆ ಕುಳಿತಿದ್ದಾರೆ. ಈ ಒಪ್ಪಿಗೆಯನ್ನು ಊರಿನ ಪರವಾಗಿ ಕೊಟ್ಟವರು ಯಾರು? ನಾವು ಕೇಳಬೇಕಾದ ಮೊದಲ ಪ್ರಶ್ನೆ ಅದು.

ನಾನು ಕೆಲವು ವರ್ಷ ಮೇಷ್ಟರ ಕೆಲಸ ಮಾಡಿದವನು. ಭಾಷಣಕ್ಕಿಂತ ಲೆಕ್ಕದಲ್ಲಿ ನನಗೆ ಹೆಚ್ಚು ನಂಬಿಕೆ. ಐದನೆಯ ತರಗತಿಯ ಮಗು ಮಾಡಬಹುದಾದ ಲೆಕ್ಕವೊಂದನ್ನು ಇಲ್ಲಿ ಹಾಕೋಣ. ಒಂದು ಗಣಿ ವರ್ಷಕ್ಕೆ 10 ಲಕ್ಷ ಟನ್ ಅದಿರು ತೆಗೆಯುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ಸೀಮೆಯಲ್ಲಿ ಅದು ಬಹಳ ದೊಡ್ಡ ಗಣಿಯೇನಲ್ಲ. ವರ್ಷದಲ್ಲಿ 300 ದಿನ ಸಾಗಣೆ, ಒಂದು ಲಾರಿಗೆ 20 ಟನ್. ಆಗ ದಿನಕ್ಕೆ 3,333 ಟನ್, ಅಂದರೆ 167 ಲಾರಿ ತುಂಬಿ ಹೋಗಬೇಕು. ಹೋದ ಲಾರಿ ಖಾಲಿಯಾಗಿ ಮರಳಿ ಬರಲೇಬೇಕಷ್ಟೆ, ಅಲ್ಲಿಗೆ 334. ಹಗಲು ಹನ್ನೆರಡು ಗಂಟೆ ಮಾತ್ರ ಓಡುತ್ತವೆಂದರೂ ಎರಡು ನಿಮಿಷಕ್ಕೆ ಒಂದರಂತೆ ನಿಮ್ಮ ಮನೆಯ ಮುಂದೆ ಹಾದುಹೋಗುತ್ತವೆ. ಶಾಲೆ ಬಿಟ್ಟ ಮಗು ರಸ್ತೆ ದಾಟಬೇಕಾದದ್ದು ಆ ಎರಡು ನಿಮಿಷದ ಸಂದಿಯಲ್ಲಿ. ಗಿರಣಿಯ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಹೊರಡುವವನೂ ಅದೇ ಸಂದಿಯಲ್ಲಿ ನುಸುಳಬೇಕು. ಇದು ಒಂದು ಗಣಿಯ ಲೆಕ್ಕ. ಅದೇ ರಸ್ತೆಗೆ ಎರಡನೆಯ ಗಣಿ, ಮೂರನೆಯ ಗಣಿ ಬಂದು ಸೇರಿದರೆ ಏನೆಂಬುದನ್ನು ಓದುಗರೇ ಗುಣಿಸಿಕೊಳ್ಳಲಿ.

ಬಂದು ಸೇರುತ್ತವೆಯೇ ಎಂದು ಕೇಳುವವರಿಗೆ ಇನ್ನೊಂದು ಲೆಕ್ಕ. 2013ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ಮತ್ತೆ ಅವಕಾಶ ಕೊಟ್ಟಾಗ ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರೂ ಜಿಲ್ಲೆ ಕೂಡಿ ವರ್ಷಕ್ಕೆ 3 ಕೋಟಿ ಟನ್ ಮೀರಬಾರದೆಂದು ಮಿತಿ ಇತ್ತು. 2017ರಲ್ಲಿ ಅದು ಮೂರೂವರೆ ಕೋಟಿಯಾಯಿತು. 2022ರಲ್ಲಿ 5 ಕೋಟಿ. ಅದರಲ್ಲಿ ಬಳ್ಳಾರಿಯದೇ ಮೂರೂವರೆ ಕೋಟಿ. ಅದಿರಿನ ಮಿತಿ ಏರಿತು. ರಸ್ತೆಯ ಅಗಲ, ಊರಿನ ಉಸಿರು, ಆಸ್ಪತ್ರೆಯ ಹಾಸಿಗೆ, ಇವೂ ಅದೇ ಲೆಕ್ಕದಲ್ಲಿ ಏರಿದವೇ?

ಇನ್ನು ರಸ್ತೆಯ ಮಾತು. ಗಣಿಯವರು ತಯಾರಿಸಿ ತರುವ ವರದಿಗಳಲ್ಲಿ ಸಂಚಾರದ ಲೆಕ್ಕಕ್ಕೆ ಒಂದು ಲಾರಿಯನ್ನು ಮೂರು ಕಾರಿಗೆ ಸಮವೆಂದು ಹಿಡಿಯುತ್ತಾರೆ. ‘ಇಷ್ಟು ಲಾರಿ ಹೆಚ್ಚಿದರೂ ರಸ್ತೆ ತಾಳುತ್ತದೆ’ ಎಂದು ಕೊನೆಯಲ್ಲಿ ಬರೆಯುತ್ತಾರೆ. ಜಾಗ ಹಿಡಿಯುವ ಮಟ್ಟಿಗೆ ಮೂರು ಕಾರು ಸರಿ. ಆದರೆ ರಸ್ತೆ ಸವೆಯುವುದು ಜಾಗದಿಂದಲ್ಲ, ಭಾರದಿಂದ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ತೂಕದ ಲಾರಿಗಳನ್ನು ರಾತ್ರಿ ಹಗಲು ಓಡಿಸಿ ಪರೀಕ್ಷೆ ಮಾಡಿದರು. ಅದರಿಂದ ಹೊರಟ ಸೂತ್ರವನ್ನು ಇಂದಿಗೂ ಜಗತ್ತಿನ ಎಂಜಿನಿಯರುಗಳು ಅಂದಾಜಿಗೆ ಬಳಸುತ್ತಾರೆ: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಹದಿನಾರು ಪಟ್ಟು. ಎರಡನ್ನು ನಾಲ್ಕು ಸಲ ಗುಣಿಸಿದಷ್ಟು. ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್, ಅದಿರು ಲಾರಿಯ ಹಿಂದಿನ ಅಚ್ಚಿನ ಮೇಲೆ ಹತ್ತು ಟನ್ ಎಂದುಕೊಂಡರೆ ಭಾರ ಇಪ್ಪತ್ತು ಪಟ್ಟು. ಇಪ್ಪತ್ತನ್ನು ನಾಲ್ಕು ಸಲ ಗುಣಿಸಿ: 1,60,000. ವರದಿಯಲ್ಲಿ ಮೂರು ಕಾರಾಗಿದ್ದ ಲಾರಿಯ ಒಂದೇ ಅಚ್ಚು ರಸ್ತೆಯ ಮೈಮೇಲೆ ಲಕ್ಷದ ಮಾತಾಗಿ ಕುಳಿತಿತು!

ಇದು ಕಾಯಿದೆ ಒಪ್ಪಿದ ಭಾರ. ಕಾಯಿದೆಯೂ ಹಟ ಹಿಡಿದು ಕುಳಿತಿಲ್ಲ. ನಾಲ್ಕು ಗಾಲಿಯ ಒಂಟಿ ಅಚ್ಚಿಗೆ ಮೊದಲು 10.2 ಟನ್ ಮಿತಿ ಇತ್ತು. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಒಂದು ಪ್ರಕಟಣೆ ಹೊರಡಿಸಿ ಅದನ್ನು 11.5 ಟನ್ ಮಾಡಿತು. ಹೆಚ್ಚಿದ್ದು ಎಂಟನೆಯ ಒಂದು ಪಾಲು. ಮೇಲಿನ ಸೂತ್ರದಂತೆ ಹಾನಿ ಹೆಚ್ಚುವುದು ನೂರಕ್ಕೆ ಅರವತ್ತು. ಇನ್ನು ಮಿತಿಯ ಮೇಲೆ ಅರ್ಧದಷ್ಟು ಹೆಚ್ಚು ಹೇರಿದರೆ ಹಾನಿ ಐದು ಪಟ್ಟು. ಐದು ವರ್ಷ ಬರಬೇಕಾದ ರಸ್ತೆ ಒಂದು ವರ್ಷದಲ್ಲಿ ಕಿತ್ತುಹೋದರೆ ಗುತ್ತಿಗೆದಾರನನ್ನು ಬೈದು ಸುಮ್ಮನಾಗುತ್ತೇವೆ. ಗುತ್ತಿಗೆದಾರರು ಸಾಧುಗಳೆಂದು ನಾನು ಹೇಳುತ್ತಿಲ್ಲ. ಆದರೆ ಕಳ್ಳರಿಬ್ಬರಿರುವಾಗ ಒಬ್ಬನನ್ನೇ ಹಿಡಿದರೆ ಇನ್ನೊಬ್ಬ ಬಚಾವಾಗುತ್ತಾನೆ.

ಇದೆಲ್ಲ ಪುಸ್ತಕದ ಬದನೆಕಾಯಿ ಎನ್ನುವವರು ಹೊಸಪೇಟೆಯ ಹಿರಿಯರನ್ನು ಕೇಳಲಿ. ಚೀನಾದೇಶಕ್ಕೆ ಅದಿರಿನ ಹಸಿವು ಹತ್ತಿದ ಮೇಲೆ, 2003ರಿಂದ 2010ರವರೆಗೆ, ಈ ರಸ್ತೆಗಳು ರಸ್ತೆಗಳಾಗಿ ಉಳಿದಿದ್ದವೆ? ಸಂಡೂರಿನಿಂದ ಹೊಸಪೇಟೆ, ಹೊಸಪೇಟೆಯಿಂದ ಹುಬ್ಬಳ್ಳಿ, ಅರಬೈಲು ಘಟ್ಟ ಇಳಿದು ಅಂಕೋಲೆಯ ಬೇಲೆಕೇರಿ ಬಂದರು; ಅಷ್ಟುದ್ದಕ್ಕೂ ಲಾರಿಯ ಬಾಲಕ್ಕೆ ಲಾರಿ. ಬೇವಿನ ಮರ ಕೆಂಪು, ಜೋಳದ ತೆನೆ ಕೆಂಪು, ಒಣಗಲು ಹಾಕಿದ ಬಟ್ಟೆ ಕೆಂಪು. ರಸ್ತೆಬದಿಯ ಶಾಲೆಯಲ್ಲಿ ಕರಿಹಲಗೆಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಬರೆಯಬೇಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಳಿಯ ಅಕ್ಷರದ ಮೇಲೆ ಕೆಂಪು ಪರದೆ. ಎದೆರೋಗದ ಔಷಧಿಯಂಗಡಿಗಳಿಗೆ ಮಾತ್ರ ಸುಗ್ಗಿ. 2010ರ ಜುಲೈಯಲ್ಲಿ ರಾಜ್ಯ ಸರಕಾರ ರಫ್ತು ನಿಲ್ಲಿಸಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದಿತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳಿಗೆ ಬೀಗ ಹಾಕಿತು. ಲಾರಿಗಳಿಗೆ ಮಿತಿಮೀರಿ ಹೇರುತ್ತಿದ್ದುದನ್ನೂ ಲೋಕಾಯುಕ್ತರ ತನಿಖೆ ಬಯಲಿಗೆ ತಂದಿತ್ತು. ಆ 16,085 ಕೋಟಿಯ ಲೆಕ್ಕ ಬರೆದವರಿದ್ದಾರೆ. ಆ ರಸ್ತೆಗಳಲ್ಲಿ ಚಕ್ರಕ್ಕೆ ಸಿಕ್ಕವರ ಲೆಕ್ಕವನ್ನು ಊರೂರಿನ ಸ್ಮಶಾನದಲ್ಲಿ ಹುಡುಕಬೇಕು. ಆಗಿನ 63ನೇ ಹೆದ್ದಾರಿಗೆ ಈಗ 67 ಎಂದು ಹಲಗೆ ಬಿದ್ದಿದೆ, 13ಕ್ಕೆ 50 ಎಂದಾಗಿದೆ. ಹೆಸರು ಬದಲಿಸಿದರೆ ನೆನಪೂ ಹೋಗುತ್ತದೆಂದು ಧಣಿಗಳು ಎಣಿಸಿದ್ದರೆ ತಪ್ಪು.

‘ಗಣಿಯವರು ತೆರಿಗೆ ಕೊಡುತ್ತಾರಲ್ಲ, ಅದರಲ್ಲೇ ರಸ್ತೆ ಆಗುತ್ತದೆ’ ಎಂದು ಒಂದು ವಾದವಿದೆ. ನೋಡೋಣ, ಎಷ್ಟು ಕೊಡುತ್ತಾರೆ? ಕಬ್ಬಿಣದ ಅದಿರಿಗೆ ರಾಜಧನ ಬೆಲೆಯ ನೂರಕ್ಕೆ 15. 2015ರಲ್ಲಿ ಗಣಿ ಕಾಯಿದೆಯನ್ನು ತಿದ್ದಿ, ಗಣಿಯಿಂದ ನೊಂದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವೆಂದು ಒಂದು ನಿಧಿ ಮಾಡಿದರು. ಹಳೆಯ ಗುತ್ತಿಗೆಯವರು ರಾಜಧನದ ನೂರಕ್ಕೆ 30ರಷ್ಟನ್ನು ಅದಕ್ಕೆ ಕೊಡಬೇಕು. ಹರಾಜಿನಲ್ಲಿ ಗಣಿ ಹಿಡಿದ ಹೊಸಬರಿಗೆ ನೂರಕ್ಕೆ 10 ಮಾತ್ರ. ಹಾಗೆಂದರೆ ನೂರು ರೂಪಾಯಿಯ ಅದಿರು ಮಾರಿದವನಿಂದ ಜಿಲ್ಲೆಯ ನೊಂದ ಜನರಿಗೆ ಬರುವುದು ಒಂದೂವರೆ ರೂಪಾಯಿ. ಹರಾಜಿನ ಹೆಚ್ಚುವರಿ ಹಣ ಬೆಂಗಳೂರಿನ ಬೊಕ್ಕಸಕ್ಕೆ ಹೋಗುತ್ತದೆ; ಅಲ್ಲಿಂದ ಮರಳಿ ಬರಲು ಅದಕ್ಕೆ ಯಾವ ಹೆದ್ದಾರಿಯೂ ಇದ್ದಂತಿಲ್ಲ. ಆ ಒಂದೂವರೆ ರೂಪಾಯಿಯ ಮೊದಲ ಹಕ್ಕು ಕುಡಿಯುವ ನೀರಿಗೆ, ಆಸ್ಪತ್ರೆಗೆ, ಶಾಲೆಗೆ. ಆದರೆ ರಸ್ತೆಗೂ ಒಂದು ಪಾಲು ಬಳಸಬಹುದೆಂದು ನಿಯಮದಲ್ಲಿ ಬಾಗಿಲು ಇಟ್ಟಿದ್ದಾರೆ. ಆ ಬಾಗಿಲಿಂದ ಏನು ನುಗ್ಗುತ್ತದೆಂದು ಹೇಳಬೇಕೆ? ಧೂಳು ಕುಡಿದವನ ಔಷಧಿಯ ಹಣ ಧೂಳೆಬ್ಬಿಸುವ ಲಾರಿಯ ದಾರಿಗೆ. ಕಳ್ಳನಿಗೆ ದಂಡ ಹಾಕಿ ಆ ದಂಡದ ಹಣದಲ್ಲೇ ಅವನಿಗೆ ಏಣಿ ಮಾಡಿಸಿಕೊಟ್ಟಂತೆ!

ಇದಲ್ಲದೆ ಸುಪ್ರೀಂ ಕೋರ್ಟಿನ ಆದೇಶದಂತೆ ಅದಿರು ಮಾರಾಟದ ಹಣದಲ್ಲಿ ಕಡಿತ ಮಾಡಿ ಕೂಡಿಟ್ಟ ದೊಡ್ಡ ಗಂಟೊಂದಿದೆ. ಗಣಿಯಿಂದ ಹಾಳಾದ ನಾಲ್ಕು ಜಿಲ್ಲೆಗಳ ದುರಸ್ತಿಗೆಂದು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ನ್ಯಾಯಾಲಯ ಸಮ್ಮತಿ ಕೊಟ್ಟಿತು. ಹಿಂದಿನ ಲೂಟಿಯ ಗಾಯಕ್ಕೆ ಕಟ್ಟಬೇಕಾದ ಪಟ್ಟಿ ಅದು. ಮುಂದಿನ ಗಣಿಗೆ ರಸ್ತೆ ಮಾಡಲು ಅದರಿಂದ ಒಂದು ಪೈಸೆ ಹೊರಟರೂ ನಾವು ಬೀದಿಗೆ ಇಳಿಯಲೇಬೇಕು.

ಹಾಗಾದರೆ ಅದಿರು ಗುಡ್ಡದಲ್ಲೇ ಇರಲಿ ಎನ್ನುತ್ತೀರಾ ಎಂದು ಕೇಳುವರು. ಕೆಲವು ಗುಡ್ಡಗಳಲ್ಲಿ ಇರಲೇಬೇಕು. ಅದು ಬೇರೆ ಲೇಖನಕ್ಕೆ ವಿಷಯ. ತೆಗೆಯುವ ಅದಿರು ಹೇಗೆ ಇಳಿಯಬೇಕೆಂಬುದಕ್ಕೆ ಉತ್ತರ ನಮ್ಮ ಕಣ್ಣೆದುರೇ ಇದೆ. ದೋಣಿಮಲೆಯಲ್ಲಿ ಸರಕಾರಿ ಗಣಿ ಶುರುವಾದದ್ದು 1977ರಲ್ಲಿ. ಅದಿರು ಗುಡ್ಡದಿಂದ ಬೆಲ್ಟಿನ ಮೇಲೆ ಇಳಿದು ರೈಲಿನ ವ್ಯಾಗನ್ನಿಗೆ ಬೀಳುವ ಏರ್ಪಾಡು ಅಂದೇ ಆಗಿತ್ತು. ಅದಕ್ಕೂ ಮೊದಲು, ಬ್ರಿಟಿಷರ ಕಾಲದಲ್ಲಿ, ಸಂಡೂರಿನ ಮ್ಯಾಂಗನೀಸ್ ಅದಿರನ್ನು ಸಾಗಿಸಲು ಸ್ವಾಮಿಹಳ್ಳಿಯವರೆಗೆ ರೈಲು ಹಾಕಿದ್ದರು. ಪರಕೀಯ ದೊರೆಗೆ ತೋಚಿದ್ದು ನಮ್ಮ ದೊರೆಗಳಿಗೆ ತೋಚದೆ? ಒಂದು ಗೂಡ್ಸ್ ಗಾಡಿಗೆ ಐವತ್ತೆಂಟು ವ್ಯಾಗನ್ನು, ಸುಮಾರು 3,700 ಟನ್. ಮೇಲೆ ಹಾಕಿದ ಲೆಕ್ಕವನ್ನು ನೆನಪು ಮಾಡಿಕೊಳ್ಳಿ: 334 ಲಾರಿಯ ಸಂಚಾರದ ಬದಲು ದಿನಕ್ಕೆ ಒಂದು ಗಾಡಿ ಸಾಕು.

ಖಾಸಗಿಯವರಿಂದ ಇದು ಆಗದೆಂಬ ಮಾತೂ ಸುಳ್ಳು. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯವರು ಸಂಡೂರು ಬಳಿಯ ನಂದಿಹಳ್ಳಿಯಿಂದ ತಮ್ಮ ಅಂಗಳದವರೆಗೆ 24 ಕಿಲೋಮೀಟರು ಉದ್ದದ ಕೊಳವೆ ಕನ್ವೇಯರು ಹಾಕಿಕೊಂಡಿದ್ದಾರೆ. ವರ್ಷಕ್ಕೆ 2 ಕೋಟಿ ಟನ್ ಸಾಗಿಸುವ ಶಕ್ತಿ ಅದಕ್ಕಿದೆಯಂತೆ. ಅವರು ಧರ್ಮಕ್ಕೆ ಹಾಕಲಿಲ್ಲ. ಲಾರಿಯ ಬಾಡಿಗೆಗಿಂತ ಅಗ್ಗವೆಂದು ಹಾಕಿದರು. ತನಗೆ ಲಾಭವಿದ್ದಲ್ಲಿ ಬಂಡವಳಿಗನು 24 ಕಿಲೋಮೀಟರು ಬೆಲ್ಟು ಹಾಕುತ್ತಾನೆ. ನಮಗೆ ಲಾಭವಿರುವಲ್ಲಿ ನಾಲ್ಕು ಕಿಲೋಮೀಟರು ಹಾಕೆಂದರೆ ಬಡತನ ಹೇಳಿಕೊಳ್ಳುತ್ತಾನೆ. ಇಲ್ಲಿ ಸರಕಾರವೆಂಬುದು ಇದ್ದರೆ ಅದು ಮಾಡಬೇಕಾದ ಕೆಲಸ ಇಷ್ಟೆ: ಬೆಲ್ಟು ಅಥವಾ ರೈಲು ಸಿದ್ಧವಾದ ಮೇಲೆಯೇ ಮೊದಲ ಸಲಿಕೆ ಬೀಳಲಿ ಎಂದು ಗುತ್ತಿಗೆ ಪತ್ರದಲ್ಲಿ ಬರೆಯುವುದು. ಸಣ್ಣ ಗಣಿಯವನೊಬ್ಬನಿಂದ ಆಗದಿದ್ದರೆ ಒಂದು ಕಣಿವೆಯ ನಾಲ್ಕಾರು ಗಣಿಗಳವರು ಕೂಡಿ ಹಾಕಲಿ. ಲಾಭವನ್ನು ಬೇರೆ ಬೇರೆಯಾಗಿ ಎಣಿಸಿಕೊಳ್ಳುವವರು ಒಂದು ಬೆಲ್ಟಿನ ಖರ್ಚನ್ನು ಕೂಡಿ ಹೊರಲಾರರೆ?

ಈಗ ಲಾರಿ ಗೆಳೆಯರ ಮಾತು. ಈ ಭಾಗವನ್ನು ಅವರು ಕೋಪ ಮಾಡಿಕೊಳ್ಳದೆ ಓದಬೇಕು. ಬೆಲ್ಟು ಬಂದರೆ ಲಾರಿಯವನ ಹೊಟ್ಟೆಗೆ ಕಲ್ಲು ಎನ್ನುವ ಭಯ ಸುಳ್ಳಲ್ಲ. ಆದರೆ ಲಾರಿಯವನ ಹೊಟ್ಟೆಗೆ ಕಲ್ಲು ಹಾಕಿದ್ದು ಇದುವರೆಗೆ ಯಾರು? ಚೀನಾ ಸುಗ್ಗಿಯ ಕಾಲದಲ್ಲಿ ಹೊಲ ಮಾರಿ, ಹೆಂಡತಿಯ ತಾಳಿ ಅಡವಿಟ್ಟು, ಫೈನಾನ್ಸಿನವರಿಂದ ಸಾಲ ತಂದು ಲಾರಿ ಕೊಂಡವರು ನಮ್ಮ ನಿಮ್ಮ ಮನೆಯವರೇ. 2011ರಲ್ಲಿ ಗಣಿ ನಿಂತಾಗ ಧಣಿಗಳ ಹಣ ಬ್ಯಾಂಕಿನಲ್ಲಿತ್ತು. ಇವರ ಲಾರಿ ಫೈನಾನ್ಸಿನವರ ಅಂಗಳದಲ್ಲಿತ್ತು. ಒಬ್ಬ ಧಣಿಯಾದರೂ ಬಂದು ಕಂತು ಕಟ್ಟಿದ್ದುಂಟೆ? ಡ್ರೈವರನಿಗೋ ಟ್ರಿಪ್ಪಿನ ಮೇಲೆ ಕೂಲಿ. ಒಂದು ಟ್ರಿಪ್ಪು ಹೆಚ್ಚು ಹೊಡೆದರೆ ಮಾತ್ರ ನಾಲ್ಕು ಕಾಸು. ಅದಕ್ಕೇ ಅವನು ನಿದ್ದೆಗಣ್ಣಿನಲ್ಲಿ ಓಡಿಸುತ್ತಾನೆ. ಅಪಘಾತವಾದರೆ ಜನ ಹೊಡೆಯುವುದು ಅವನನ್ನು, ಪೊಲೀಸರು ಹಿಡಿಯುವುದು ಅವನನ್ನು. ಅತಿಭಾರಕ್ಕೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ 2,000. ದಂಡದ ಚೀಟಿ ಬರುವುದು ಲಾರಿಯವನ ಹೆಸರಿಗೆ. ಕಾಯಿದೆಯನ್ನು ಓದಿ ನೋಡಿ: ಓಡಿಸಿದವನು ಮಾತ್ರವಲ್ಲ, ಓಡಿಸಲು ಕಾರಣನಾದವನೂ ತಪ್ಪಿತಸ್ಥ. ಗಣಿಯ ಬಾಗಿಲಲ್ಲೇ ತೂಕದ ಯಂತ್ರವಿದೆ, ತೂಕ ಮಾಡದೆ ಪರ್ಮಿಟ್ಟು ಹುಟ್ಟುವುದಿಲ್ಲ. ಅತಿಭಾರದ ಲಾರಿ ಹೊರಬಿತ್ತೆಂದರೆ ಹೇರಿದವನಿಗೆ ಗೊತ್ತಿದ್ದೇ ಹೇರಿದ. ಅವನ ಮೇಲೆ ಮೊಕದ್ದಮೆ ಹೂಡಲು ಯಾರ ಕೈ ನಡುಗುತ್ತದೆ?

ಲಾರಿ ಮಾಲಿಕರ ಸಾಲಕ್ಕೆ, ಡ್ರೈವರು ಕ್ಲೀನರುಗಳ ಕೆಲಸಕ್ಕೆ ಗಣಿ ಹೊಣೆ ಹೊರಲಿ ಎಂದು ನಾವು ನೀವು ಕೂಡಿ ಕೇಳೋಣ. ಬೆಲ್ಟಿನ ಮೇಲೆ, ರೈಲಿನ ಸೈಡಿಂಗಿನಲ್ಲಿ, ಗಣಿಯ ಒಳಗಿನ ಸಾಗಣೆಯಲ್ಲಿ ಕೆಲಸ ಮೊದಲು ಈ ಸೀಮೆಯ ಲಾರಿಯವರಿಗೆ ಸಿಗಲಿ. ಇದು ಕೇಳಬಹುದಾದ ಬೇಡಿಕೆ. ನನ್ನ ಮಗ ಬದುಕಬೇಕಾದರೆ ನಿನ್ನ ಮಗ ರಸ್ತೆಯಲ್ಲಿ ಸಾಯಬೇಕೆಂಬುದು ಬೇಡಿಕೆಯಲ್ಲ.

ಅಂಗಡಿಯ ಅಣ್ಣಂದಿರೇ, ನಿಮ್ಮಲ್ಲೂ ಎರಡು ಮಾತಿದೆ. ಟೈರು, ಪಂಕ್ಚರು, ಡಾಬಾ ನಡೆಸುವವರಿಗೆ ಲಾರಿ ಬೇಕು. ಬಟ್ಟೆ, ಮಿಠಾಯಿ, ಕಿರಾಣಿ ಅಂಗಡಿಯವರಿಗೆ ಬೇಡ. ಲಾರಿ ಸಾಲುಗಟ್ಟಿದ ರಸ್ತೆಯಲ್ಲಿ ಹಳ್ಳಿಯ ಹೆಣ್ಣುಮಗಳು ಸೀರೆ ಕೊಳ್ಳಲು ಇಳಿಯುವುದಿಲ್ಲ, ಬಸ್ಸಿನಲ್ಲೇ ಕುಳಿತು ಮುಂದಿನ ಊರಿಗೆ ಹೋಗುತ್ತಾಳೆ. ನಿಮ್ಮ ನಿಮ್ಮಲ್ಲಿ ಜಗಳವಾಡುವ ಮುನ್ನ ಒಂದು ಸಂಗತಿ ತಿಳಿದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಗಳ ಜಾಗ ಮತ್ತು ಸಂಚಾರದ ನಿಯಂತ್ರಣಕ್ಕೆ 2002ರ ಒಂದು ಕಾಯಿದೆಯಿದೆ. ಅದರಂತೆ ಹೆದ್ದಾರಿಗೆ ಹೊಸದಾಗಿ ವಾಹನದ ದಾರಿ ಸೇರಿಸಬೇಕಾದರೆ ಹೆದ್ದಾರಿ ಆಡಳಿತದ ಅನುಮತಿ ಬೇಕು. ಅದು ಯಾರ ಹುಟ್ಟುಹಕ್ಕೂ ಅಲ್ಲ. ಅದೇ ಕಾಯಿದೆಯಡಿ ರಸ್ತೆಬದಿಯ ಗೂಡಂಗಡಿಯನ್ನು ಕಿತ್ತೆಸೆಯುವ ಅಧಿಕಾರವೂ ಉಂಟು. ಬಡವನ ಮಿರ್ಚಿಭಜಿ ಬಂಡಿಯ ಎದುರು ಈ ಕಾಯಿದೆಗೆ ಹುಲಿಯ ಹಲ್ಲು. ಗಣಿಯ ದಾರಿಯ ಎದುರು ಹಲ್ಲೇ ಇಲ್ಲದ ಬೊಚ್ಚುಬಾಯಿ. ಇಬ್ಬರಿಗೂ ಒಂದೇ ಹಲ್ಲು ಇರಲಿ ಎಂಬುದಷ್ಟೇ ನಮ್ಮ ವಾದ.

ದೇವದಾರಿ ಗುಡ್ಡದ ಉದಾಹರಣೆ ತೀರ ಹತ್ತಿರದ್ದು. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿ ನಿಲ್ಲಿಸಿದ ಕೇಂದ್ರ ಸರಕಾರದ ಕಂಪನಿಗೆ ಸಂಡೂರಿನ ಈ ಗುಡ್ಡ ಬೇಕಾಯಿತು. 401 ಹೆಕ್ಟೇರು ಕಾಡು, 99 ಸಾವಿರ ಮರ. 2024ರ ಜೂನಿನಲ್ಲಿ ಕೇಂದ್ರ ಸಚಿವ ಎಚ್. ಡಿ. ಕುಮಾರಸ್ವಾಮಿಯವರು ಕಡತಕ್ಕೆ ಸಹಿ ಹಾಕಿದರು, ಜನ ಎದ್ದರು, ರಾಜ್ಯದ ಅರಣ್ಯ ಸಚಿವರು ಕಾಡಿನ ಭೂಮಿ ಹಸ್ತಾಂತರ ಮಾಡಬೇಡಿರೆಂದು ಅಪ್ಪಣೆ ಮಾಡಿದರು. ಮರದ ಲೆಕ್ಕ ಊರೂರಿನ ಬಾಯಿಗೆ ಬಂತು, ಬರಬೇಕಾದದ್ದೇ. ಸರಕಾರಿ ಕಂಪನಿಯೆಂದು ನಮ್ಮಂಥ ಸಮಾಜವಾದಿಗಳು ಅದಕ್ಕೆ ರಿಯಾಯಿತಿ ತೋರಬೇಕೆಂದು ಕೆಲವರು ಎಂದರು. ಸರಕಾರದ್ದಾದರೇನು, ಖಾಸಗಿಯದಾದರೇನು, ಲಾರಿಯ ಗಾಲಿ ಯಾರ ಎದೆಯ ಮೇಲೆ ಹರಿಯುತ್ತದೆಂದು ನೋಡುವುದು ಸಮಾಜವಾದ. ಮರದ ಲೆಕ್ಕದಷ್ಟೇ ಜೋರಾಗಿ ಲಾರಿಯ ಲೆಕ್ಕವನ್ನೂ ಕೇಳಲು ನಾವು ಕಲಿಯಬೇಕು. ಏಕೆಂದರೆ ಮರ ಕಡಿಯುವುದು ಗುಡ್ಡದ ಮೇಲೆ, ಯಾರೂ ಕಾಣದಲ್ಲಿ. ಲಾರಿ ಹರಿಯುವುದು ನಮ್ಮ ಹೊಸ್ತಿಲ ಮುಂದೆ.

ಕೇಳುವ ಜಾಗ ಯಾವುದೆಂದರೆ, ಸಾರ್ವಜನಿಕ ಅಹವಾಲು ಸಭೆ. 2006ರ ಪರಿಸರ ಅಧಿಸೂಚನೆಯಂತೆ ಹೊಸ ಗಣಿಗೆ ಪರಿಸರದ ಅನುಮತಿ ಕೊಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಈ ಸಭೆ ನಡೆಸಬೇಕು. ಕನಿಷ್ಠ ಮೂವತ್ತು ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ವರದಿಯ ಸಾರಾಂಶವನ್ನು ಕನ್ನಡದಲ್ಲಿ ಇಡಬೇಕು. ಪೆಂಡಾಲು ಹಾಕಿ, ಊಟ ಹಾಕಿಸಿ, ಬಾಡಿಗೆಯ ಕೈಗಳಿಂದ ಚಪ್ಪಾಳೆ ತಟ್ಟಿಸಿ ಮುಗಿಸುವ ಕಲೆ ಕಂಪನಿಗಳಿಗೆ ಕರಗತ. ಊಟ ಮಾಡಿ ಬನ್ನಿ, ಅದು ನಮ್ಮ ಅದಿರಿನ ಊಟವೇ. ಆದರೆ ಸುಮ್ಮನೆ ಬರಬೇಡಿ. ಮೂವತ್ತು ದಿನದೊಳಗೆ ಸಾರಾಂಶವನ್ನು ತರಿಸಿ, ಸಂಘದ ಕಚೇರಿಯಲ್ಲಿ ನಾಲ್ಕು ಜನ ಕೂತು ಓದಿ. ದಿನಕ್ಕೆ ಎಷ್ಟು ಲಾರಿ, ಯಾವ ರಸ್ತೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ರಸ್ತೆ ಕೆಟ್ಟರೆ ಯಾರ ಖರ್ಚು, ಬೆಲ್ಟು ಅಥವಾ ರೈಲು ಯಾವ ತಾರೀಖಿಗೆ, ಆ ತಾರೀಖು ತಪ್ಪಿದರೆ ಗಣಿ ನಿಲ್ಲುತ್ತದೆಯೇ, ಇಷ್ಟಕ್ಕೆ ಉತ್ತರ ಬೇಕು. ಕಂಪನಿಯ ಎಂಜಿನಿಯರು ‘ಪರಿಶೀಲಿಸುತ್ತೇವೆ’ ಎಂದರೆ ಅದು ಉತ್ತರವಲ್ಲವೆಂದು ಸಭೆಯ ನಡಾವಳಿಯಲ್ಲಿ ಬರೆಸಿ.

ಬಾಯಲ್ಲಿ ಹೇಳಿದ್ದು ನಡಾವಳಿಯಲ್ಲಿ ಬಿಟ್ಟುಹೋಗುವುದುಂಟು. ಆದ್ದರಿಂದ ಅರ್ಜಿಯನ್ನು ಬರೆದೇ ಕೊಡಿ. ಕನ್ನಡದಲ್ಲೇ ಬರೆಯಿರಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಬರೆಯಲು ಬಾರದವರು ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿಗೆ ಬಂದರೆ ನಾನು ಬರೆದುಕೊಡುತ್ತೇನೆ. ಕಾಗದ ನಿಮ್ಮದು, ಶಾಯಿ ನನ್ನದು.